ಹನ್ನೊಂದು ಸೆಕೆಂಡು, ಹೆಚ್ಚುಕಡಿಮೆ

ದಿಲ್ಲಿಯ ನಮ್ಮ ಕನ್ನಡದವರ ಸಂಘವೊಂದು ವರ್ಷಕ್ಕೊಂದು ಸಂಚಿಕೆ ತರುತ್ತದೆ. ಈ ಊರು ಬಿಟ್ಟು ಹೊರಟ ಹಿರಿಯರಿಗೆ ಅದರಲ್ಲಿ ಒಂದೊಂದು ಪುಟ ಮೀಸಲು. ಈ ಸಲ ನಿಮ್ಮ ಮೇಲಿನ ಮನೆಯವರ ಬಗ್ಗೆ ಬರೆಯಿರಿ ಎಂದು ನನಗೆ ಹೇಳಿ, ಜೊತೆಗೆ ಒಂದು ನಮೂನೆಯನ್ನೂ ಕಳಿಸಿದ್ದಾರೆ. ಜನನ, ವಿದ್ಯಾಭ್ಯಾಸ, ಸೇವೆ, ಹವ್ಯಾಸ, ಯುವಜನರಿಗೆ ಸಂದೇಶ. 'ಹವ್ಯಾಸ' ಎಂಬಲ್ಲಿ ಅರ್ಧ ಗೆರೆಯಷ್ಟು ಜಾಗವಿದೆ. ಆ ಅರ್ಧ ಗೆರೆಯೊಳಗೆ ಅವರು ಮೂವತ್ತು ವರ್ಷ ಸಂಸಾರ ಮಾಡಿದ್ದರು. ಹಾಗಾಗಿ ನಮೂನೆಯನ್ನು ಮಡಿಸಿಟ್ಟು ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಬೇಡಿ ಎಂದು ಅವರೇ ಹೇಳಿದ್ದಾರೆ.

ಅವರು ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಇದ್ದವರು. ಸದ್ದನ್ನು ಅಳೆಯುವ ಯಂತ್ರಗಳು ಎಷ್ಟು ತಪ್ಪು ಹೇಳುತ್ತವೆ ಎಂದು ಅಳೆಯುವುದು ಅವರ ಕೆಲಸ. ಯಾವ ಮೀಟರಿನ ಸುಳ್ಳು ಎಷ್ಟು ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತುವುದು. "ಕೋಲು ಎಷ್ಟುದ್ದ ಅಂದ್ರೆ ಹತ್ತಡಿ ಅಂತೀರಿ. ಅದು ಅರ್ಧ ಉತ್ತರ ಮೇಷ್ಟ್ರೇ. ಹತ್ತರಲ್ಲಿ ಎಷ್ಟು ತಪ್ಪಿರಬಹುದು ಅನ್ನೋದು ಇನ್ನರ್ಧ. ಅದನ್ನ ಹೇಳದೇ ಇರೋನು ಸುಳ್ಳ" ಎನ್ನುತ್ತಿದ್ದರು. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತೇನಾದ್ದರಿಂದ ಅವರ ಬಾಯಲ್ಲಿ ಮೊದಲಿನಿಂದಲೂ ಮೇಷ್ಟ್ರು. ಅವರ ಬಗ್ಗೆ ಬರೆಯುವಾಗ ಅವರ ಕ್ರಮವನ್ನೇ ಅನುಸರಿಸಬೇಕು: ಇಲ್ಲಿ ಹೇಳುವುದೆಲ್ಲ ಹೆಚ್ಚುಕಡಿಮೆ. ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂಬುದನ್ನು ಗೊತ್ತಾದ ಕಡೆ ಹೇಳುತ್ತೇನೆ.

ಮೊದಲ ಭೇಟಿಯನ್ನೇ ತೆಗೆದುಕೊಳ್ಳಿ. ಜನಕಪುರಿಯಲ್ಲಿ ಅವರಿದ್ದ ಕಟ್ಟಡದ ಮೊದಲ ಮಹಡಿಗೆ ನಾನು ಬಾಡಿಗೆಗೆ ಬಂದ ದಿನ. ಫ್ರಿಜ್ ಆಗಷ್ಟೇ ಇಳಿಸಿ ಪ್ಲಗ್ ಹಾಕಿದ್ದೆವು. ಮೇಲಿನ ಮಹಡಿಯಿಂದ ಇಳಿಯುತ್ತಿದ್ದ ತೆಳ್ಳನೆಯ ಮನುಷ್ಯರೊಬ್ಬರು ತೆರೆದ ಬಾಗಿಲಲ್ಲಿ ನಿಂತರು, ಕೇಳದೆ ಒಳಗೆ ಬಂದು ಫ್ರಿಜ್ಜಿನ ಪಕ್ಕಕ್ಕೆ ಅಂಗೈ ಒತ್ತಿ, ಕಣ್ಣು ಮುಚ್ಚಿ, "ಹ್ಮ್ಮ್ಮ್" ಎಂದು ಅದರ ಶ್ರುತಿ ಹಿಡಿದರು.

"ಜಿ. ಸ್ವಲ್ಪ ಮೇಲೆ" ಎಂದರು ಕನ್ನಡದಲ್ಲಿ. "ನಮ್ಮ ದೇಶದ ಕರೆಂಟು ಪೂರ್ತಿ ಜಿ ಸ್ವರದಲ್ಲೇ ಹಾಡತ್ತೆ. ಸೆಕೆಂಡಿಗೆ ಐವತ್ತು ಸಲ ಮಿಡಿಯತ್ತೆ. ಅಮೆರಿಕಾದಲ್ಲಿ ಅರವತ್ತು, ಅಲ್ಲಿ ಫ್ರಿಜ್ಜೂ ಬೇರೆ ಶ್ರುತಿ. ನೀವು ಎಲ್ಲಿಯವರು?"

ಇದು ನನ್ನ ನೆನಪು. ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅಕ್ಕನ ಪ್ರಕಾರ ಮೊದಲ ಭೇಟಿ ಜಗಳ: ಅವರ ಬಾಲ್ಕನಿಯ ಕೂಲರಿನಿಂದ, ಒದ್ದೆ ಹುಲ್ಲಿನ ಮೂಲಕ ತಂಪು ಗಾಳಿ ಬಿಡುವ ಫ್ಯಾನಿನ ಪೆಟ್ಟಿಗೆಯಿಂದ, ನೀರು ಸೋರಿ ನಾನು ಒಣಹಾಕಿದ್ದ ಶರ್ಟುಗಳ ಮೇಲೆ ಬಿದ್ದು, ನಾನು ಮೇಲೆ ಹತ್ತಿ ಹೋಗಿ, ಅವರು ಮುಸಲ್ಮಾನರೋ ಪಂಜಾಬಿಗಳೋ ತಿಳಿಯದೆ ಕೆಟ್ಟ ಹಿಂದಿಯಲ್ಲಿ ಕೂಗಾಡಿದೆನಂತೆ. ಆಕೆ ಕನ್ನಡದಲ್ಲಿ "ಯಾರ್ರೀ ಇದು ಹೀಗೆ ಹಿಂದಿ ಕೊಲ್ಲೋದು" ಎಂದರಂತೆ. ನನಗೆ ಈ ಜಗಳ ನೆನಪಿಲ್ಲ. ಆದರೆ ಕೆಟ್ಟ ಹಿಂದಿ ನನ್ನದೇ, ಅನುಮಾನವಿಲ್ಲ.

ಅವರಿಗೆ ಒಂದು ಅಭ್ಯಾಸವಿತ್ತು. ಹೊಸ ಕೋಣೆಯೊಳಗೆ ಕಾಲಿಟ್ಟರೆ ಒಂದು ಸಲ, ಒಂದೇ ಸಲ, ಚಪ್ಪಾಳೆ ತಟ್ಟುವರು. ಗೋಡೆ ಏನು ಹೇಳುತ್ತದೆ ಎಂದು ಕೇಳುವುದಕ್ಕೆ. ಮದುವೆ ಛತ್ರ, ಬ್ಯಾಂಕು, ಮೆಟ್ರೋ ಸ್ಟೇಷನ್ನಿನ ಸುರಂಗ ಎಲ್ಲಾ ಕಡೆ. ಪರಿಚಿತರೊಬ್ಬರು ತೀರಿಕೊಂಡಾಗ ಇಬ್ಬರೂ ಅವರ ಮನೆಗೆ ಹೋಗಿದ್ದೆವು. ಸಾಮಾನೆಲ್ಲ ಸರಿಸಿ ಖಾಲಿ ಮಾಡಿದ್ದ ಹಜಾರದಲ್ಲಿ ಜನ ಸುಮ್ಮನೆ ಕೂತಿದ್ದಾರೆ. ಇವರು ಹೊಸ್ತಿಲು ದಾಟಿದ್ದೇ ಚಟ್ ಎಂದು ತಟ್ಟಿಯೇ ಬಿಟ್ಟರು. ಎಲ್ಲರೂ ತಿರುಗಿದರು. ಇವರು ತಟ್ಟಿದ ಕೈಗಳನ್ನು ಬಿಡಿಸದೆ ಹಾಗೇ ಮೇಲೆತ್ತಿ, ತಲೆ ಬಗ್ಗಿಸಿ, ನಮಸ್ಕಾರ ಮಾಡಿದರು. ಹೊರಗೆ ಬಂದ ಮೇಲೆ, "ಒಳ್ಳೇ ಕೋಣೆ. ಸದ್ದು ಒಂದೂ ಕಾಲು ಸೆಕೆಂಡು ನಿಲ್ಲತ್ತೆ" ಎಂದರು, ದುಃಖದಿಂದಲೇ.

ಈಗ ಆ ಹಾಡಿನ ವಿಷಯ.

ಕಾಲೇಜು ಸೇರಿದ ವರ್ಷ ಅವರು ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದರು. ತಂದೆ ಒಂದು ಮಂತ್ರಾಲಯದಲ್ಲಿ ಗುಮಾಸ್ತರು. ಪಕ್ಕದ ಮನೆಯ ಗೆಳೆಯ ಬಿಟ್ಟೂ ಎಂಬುವನ ಹತ್ತಿರ ಒಂದು ಅಮೆರಿಕನ್ ರಾಕ್ ಬ್ಯಾಂಡಿನ ರೆಕಾರ್ಡು ಬಂತು. ಅದನ್ನು ಇವರು ತಮ್ಮ ಮನೆಯ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡರು. ಎರಡನೇ ಬದಿಯ ಮೊದಲ ಹಾಡು ಹಾಡುವವನ ಗಂಟಲಿಗೆ ಮೊದಲು ಬರಿಯ ಗಿಟಾರಿನಿಂದ ಶುರುವಾಗುತ್ತದೆ. ಹನ್ನೊಂದು ಸೆಕೆಂಡು. ಆ ಹನ್ನೊಂದು ಸೆಕೆಂಡಿನಲ್ಲಿ ಗಿಟಾರು ಗಿಟಾರಿನಂತಿಲ್ಲ. ನೀರಿನಡಿ ಯಾರೋ ದೀಪ ತಿರುಗಿಸುತ್ತಿರುವ ಹಾಗೆ ಅದು ಹತ್ತಿರ ಬರುತ್ತದೆ, ದೂರ ಹೋಗುತ್ತದೆ, ಮತ್ತೆ ಬರುತ್ತದೆ. ಅಡಿಯಲ್ಲಿ ಏನೋ ಬೆಚ್ಚಗೆ ಗುಂಯ್‌ಗುಡುತ್ತಿರುತ್ತದೆ. ಆ ಕ್ಯಾಸೆಟ್ಟನ್ನು ನನಗೆ ಮೊದಲ ಸಲ ಕೇಳಿಸಿದಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ. ಕ್ಯಾಸೆಟ್ಟಿನ ಮುಖವನ್ನೇ ನೋಡುತ್ತಿದ್ದರು.

"ಬೆರಳು ಎಲ್ರಿಗೂ ಹತ್ತೇ ಇರತ್ತೆ ಮೇಷ್ಟ್ರೇ. ಬ್ಯಾಂಡು ಅಂದ್ರೆ ಅರ್ಧ ಬೆರಳು, ಅರ್ಧ ಡಬ್ಬ. ಯಾವ ಗಿಟಾರು, ಯಾವ ಆಂಪು, ಯಾವ ಮೈಕು, ಮೈಕು ಎಷ್ಟು ದೂರ, ಆ ಕೋಣೆಗೆ ಟೈಲ್ಸಾ ಮರವಾ. ಹಾಡಿದೋನ ಹೆಸರು ರೆಕಾರ್ಡಿನ ಲಕೋಟೆ ಮೇಲೆ ಹಾಕ್ತಾರೆ. ಡಬ್ಬದ ಹೆಸರು ಯಾರೂ ಹಾಕಲ್ಲ."

ಡಬ್ಬಗಳ ಹೆಸರನ್ನು ಅವರೇ ಬರೆಯಲು ಕೂತರು. ಜನಕಪುರಿಯ ಮನೆಯ ಎರಡನೇ ಕೋಣೆಯ ಗೋಡೆಯ ಮೇಲೆ, ಸುಣ್ಣದ ಮೇಲೇ ಪೆನ್ಸಿಲ್ಲಿನಲ್ಲಿ, ಒಂದು ಪಟ್ಟಿ. ಹನ್ನೆರಡು ತಂತಿಯ ಗಿಟಾರು. ಗಾಜಿನ ವಾಲ್ವುಗಳು ಕೆಂಪಗೆ ಕಾಯುವ ಹಳೆಯ ಆಂಪ್ಲಿಫೈಯರ್. ಸದ್ದನ್ನು ನೆನಪಿಟ್ಟುಕೊಂಡು ಸ್ವಲ್ಪ ತಡವಾಗಿ ಮತ್ತೆ ಹೇಳುವ ಟೇಪ್ ಯಂತ್ರ. ಅದರ ಕೆಳಗೆ, ಎರಡು ಸಲ ಅಡಿಗೆರೆ ಎಳೆದು, 'ತಿರುಗುವ ಸ್ಪೀಕರ್'. ಆರ್ಗನ್ ವಾದ್ಯಕ್ಕೆಂದು ಮಾಡುತ್ತಿದ್ದ ಒಂದು ಮರದ ಕಪಾಟು ಅದು. ಒಳಗೆ ಸದ್ದಿನ ಕಹಳೆ ಮೋಟರಿನ ಮೇಲೆ ಸುತ್ತುತ್ತಿರುತ್ತದೆ. ಕೆಲವರು ಅದಕ್ಕೆ ಗಿಟಾರನ್ನೂ ಜೋಡಿಸಿದ್ದುಂಟು. ಈ ಬ್ಯಾಂಡೂ ಅದನ್ನೇ ಮಾಡಿದೆ ಎಂಬುದು ಅವರ ಸಿದ್ಧಾಂತ. ಯಾವ ಪುಸ್ತಕವೂ ಹಾಗೆ ಹೇಳಿರಲಿಲ್ಲ. ಪುರಾವೆಗೆ ಹಳೆಯ ಪತ್ರಿಕೆಯೊಂದರಿಂದ ಕತ್ತರಿಸಿದ ಫೋಟೋ ಇತ್ತು: ಸ್ಟುಡಿಯೋದಲ್ಲಿ ಬ್ಯಾಂಡಿನ ನಾಲ್ವರು ಕೂದಲು ಬಿಟ್ಟುಕೊಂಡು ನಿಂತಿದ್ದಾರೆ, ಎಡಮೂಲೆಯಲ್ಲಿ ಕಂದು ಮರದ ಒಂದು ಅಂಚು ಕಾಣುತ್ತದೆ.

"ನೋಡಿ, ಕಪಾಟು."

"ಬಟ್ಟೆ ಬೀರು ಇರಬಹುದಲ್ಲ ಸಾರ್?"

"ಸ್ಟುಡಿಯೋದಲ್ಲಿ ಬಟ್ಟೆ ಬೀರು ಯಾಕಿರತ್ತೆ?"

"ಅವ್ರು ಬಟ್ಟೇನೂ ಹಾಕ್ಕೊಂಡಿದಾರಲ್ಲ" ಎಂದು ಅಡುಗೆಮನೆಯಿಂದ ಅಕ್ಕ. ಅದು ಅವರಿಗೆ ಕೇಳಿಸಲಿಲ್ಲ. ಆಗ ನಾನು ಅದನ್ನು ಗಂಡಂದಿರ ಸಾಮಾನ್ಯ ಕಿವುಡು ಎಂದುಕೊಂಡಿದ್ದೆ.

ಆ ಹನ್ನೊಂದು ಸೆಕೆಂಡನ್ನು ತಮ್ಮ ಕೈಯಾರೆ ಮಾಡಬೇಕು ಎಂಬುದೇ ಅವರ ಹಠ. ನುಡಿಸುವುದು ಅವರಿಗೆ ದೊಡ್ಡದಲ್ಲ. ಮೂರು ಕಾರ್ಡು, ಎಂದರೆ ಮೂರು ಸ್ವರಗುಚ್ಛ, ಅಭ್ಯಾಸ ಮಾಡಿ ಕಲಿತಿದ್ದರು. ಸದ್ದು ಬರಬೇಕು. ಹಳೆ ದಿಲ್ಲಿಯ ಗುಜರಿ ಕಬಾಡಿಗಳ ಹತ್ತಿರ ಹೋಗಿ, ತೂಕಕ್ಕೆ ಮಾರುವ ರೇಡಿಯೋಗಳ ಹೊಟ್ಟೆಯಿಂದ ವಾಲ್ವುಗಳನ್ನು ಬಿಚ್ಚಿ ತಂದರು. ವಾಷಿಂಗ್ ಮೆಷಿನ್ನಿನ ಮೋಟರಿನ ಮೇಲೆ ಸ್ಪೀಕರ್ ಕೂರಿಸಿ ತಿರುಗಿಸಿದರು. ಅದು ಮೂರನೇ ಸುತ್ತಿಗೆ ವೈರು ಹರಿದುಕೊಂಡು ಅಕ್ಕನ ಉಪ್ಪಿನಕಾಯಿ ಭರಣಿಗೆ ಬಡಿಯಿತು. ಇದರಲ್ಲಿ ತಪ್ಪಿನ ಪ್ರಮಾಣ: ಭರಣಿಯೋ, ಭರಣಿಯ ಪಕ್ಕದ ಗೋಡೆಯೋ. ಉಪ್ಪಿನಕಾಯಿಯಂತೂ ನೆಲದ ಮೇಲಿತ್ತು.

ದಿಲ್ಲಿಯದೇ ಬಡಾವಣೆ ದ್ವಾರಕೆಯಲ್ಲಿ ಅವರ ಸಹೋದ್ಯೋಗಿಯೊಬ್ಬರು ಫ್ಲ್ಯಾಟ್ ಕೊಂಡಿದ್ದರು. ಆ ಸೊಸೈಟಿಯ ನೆಲದಡಿಯ ನೀರಿನ ಟ್ಯಾಂಕನ್ನು ವರ್ಷಕ್ಕೆರಡು ಸಲ ಖಾಲಿ ಮಾಡಿ ತೊಳೆಯುತ್ತಾರೆ. ಹಳೆಯ ಸ್ಟುಡಿಯೋಗಳಲ್ಲಿ ಟೈಲ್ಸ್ ಮೆತ್ತಿದ ಖಾಲಿ ಕೋಣೆಯಲ್ಲಿ ಸ್ಪೀಕರ್ ಇಟ್ಟು ಅನುರಣನ ಹಿಡಿಯುತ್ತಿದ್ದರು. ದಿಲ್ಲಿಯಲ್ಲಿ ಟೈಲ್ಸ್ ಮೆತ್ತಿದ ಖಾಲಿ ಕೋಣೆ ಎಂದರೆ ತೊಳೆದ ಟ್ಯಾಂಕು. ಇವರು ದಿನಾಂಕ ತಿಳಿದುಕೊಂಡು, ನನ್ನ ಕೈಗೆ ಆಂಪ್ಲಿಫೈಯರ್ ಕೊಟ್ಟು, ಮೆಟ್ರೋ ಹತ್ತಿಸಿ ಕರೆದೊಯ್ದರು. ಏಣಿಯಿಂದ ಇಳಿದು, ಮೊದಲು ಚಪ್ಪಾಳೆ ತಟ್ಟಿ, "ಆಹಾ" ಎಂದು ಕಣ್ಣು ಮುಚ್ಚಿ ನಿಂತುಬಿಟ್ಟರು. ಗಿಟಾರು ಶುರು ಮಾಡಿದ ಎರಡು ನಿಮಿಷಕ್ಕೆ ಮೇಲಿನ ಕಿಂಡಿಯಲ್ಲಿ ಸೊಸೈಟಿಯ ಕಾರ್ಯದರ್ಶಿಯ ತಲೆ ಕಾಣಿಸಿತು, ಕುಡಿಯುವ ನೀರಿನ ಜಾಗದಲ್ಲಿ ಇದೇನು ಎಂದು.

"ಅಂಕಲ್‌ಜೀ! ಯೇ ಕ್ಯಾ ಹೋ ರಹಾ ಹೈ? ಪೀನೇ ಕಾ ಪಾನಿ ಹೈ ಯಹಾಂ!"

"ಪಾನಿ ಕಹಾಂ ಹೈ? ಖಾಲಿ ಹೈ ನಾ!" ನೀರೆಲ್ಲಿದೆ, ಖಾಲಿಯಲ್ಲವೇ ಎಂದು ಒಳಗಿನಿಂದ ಇವರು. ಆ ವಾಕ್ಯ ಟ್ಯಾಂಕಿನಲ್ಲಿ ನಾಲ್ಕು ಸಲ ಸುತ್ತಿತು. "ಕೇಳಿದ್ರಾ ಮೇಷ್ಟ್ರೇ, ನಾಲ್ಕು ಸೆಕೆಂಡು!"

ಹೀಗೆ ಇಪ್ಪತ್ತೈದು, ಮೂವತ್ತು ವರ್ಷ. ಸದ್ದು ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. ಇಂಟರ್ನೆಟ್ಟಿನಲ್ಲಿ ಮೂಲ ಹಾಡು ಸಿಗುವ ಕಾಲ ಬಂದಾಗ ನಾನು ಫೋನಿನಲ್ಲಿ ಹಾಕಿ ತೋರಿಸಿದೆ. ಗಿಟಾರು ಸ್ವಚ್ಛವಾಗಿ, ನೆಟ್ಟಗೆ, ಒಂದೇ ಕಡೆ ನಿಂತು ನುಡಿಯಿತು. ನೀರಿಲ್ಲ, ದೀಪವಿಲ್ಲ. ಅವರು ಅದನ್ನು ಒಂದು ಸಲ ಕೇಳಿ ಫೋನನ್ನು ವಾಪಸು ಕೊಟ್ಟರು. "ತೊಳೆದುಬಿಟ್ಟಿದಾರೆ. ಹೊಸ ಕಂಪ್ಯೂಟರಿಗೆ ಹಾಕಿ, ಹಳೇ ಸದ್ದೆಲ್ಲ ಉಜ್ಜಿ ತೆಗೆದಿದಾರೆ. ಪಾಪ, ಅವ್ರಿಗೆ ಗೊತ್ತಾಗಿಲ್ಲ ಆ ಸದ್ದೇ ಹಾಡು ಅಂತ." ನಾನು ನಂಬಿದೆ. ತಪ್ಪು ಅಳೆಯುವುದೇ ಕಸುಬಾದವರ ಮಾತನ್ನು ನಂಬದೆ ಇನ್ನಾರನ್ನು ನಂಬುವುದು?

ನಿವೃತ್ತಿಯಾದ ಮೇಲೆ, ಬಹುಶಃ ಮೂರನೇ ವರ್ಷ, ಅಕ್ಕ ಅವರನ್ನು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಬಂದವರು ಪರೀಕ್ಷೆಯ ನಕ್ಷೆಯನ್ನು ನನ್ನ ಮುಂದೆ ಹರಡಿದರು. ಗೆರೆಯೊಂದು ನೆಟ್ಟಗೆ ಬಂದು ಮಧ್ಯದಲ್ಲಿ ಕಡಿದಾದ ಬೆಟ್ಟ ಇಳಿದಿತ್ತು.

"ಒಳ್ಳೇ ಗ್ರಾಫು. ಸಾಫಾಗಿ ಬಿದ್ದಿದೆ" ಎಂದರು, ಬೇರೆ ಯಾರದೋ ಉಪಕರಣವನ್ನು ಮೆಚ್ಚುವಂತೆ. "ಇಲ್ಲಿಂದ ಮೇಲೆ ನಾನು ಇಲ್ಲ. ಹಕ್ಕಿ ಇಲ್ಲ, ಕುಕ್ಕರ್ ಸೀಟಿ ಇಲ್ಲ."

"ನಾನೂ ಇಲ್ಲ" ಎಂದರು ಅಕ್ಕ. ಆಕೆಯದು ಸಣ್ಣ, ಎತ್ತರದ ದನಿ. ಅದು ಹಾದುಹೋಗಬೇಕಾದ ಜಾಗದಲ್ಲೇ ಗೆರೆ ಬೆಟ್ಟ ಇಳಿದಿತ್ತು. ಮೂರು ವರ್ಷದಿಂದ ಆಕೆ ಪ್ರತಿ ಮಾತನ್ನೂ ಎರಡು ಸಲ ಹೇಳಿ, ಮೂರನೇ ಸಲಕ್ಕೆ ಎದುರು ಹೋಗಿ ನಿಂತು, ಕೈಸನ್ನೆ ಮಾಡುತ್ತಿದ್ದರು. ಡಾಕ್ಟರು ಶ್ರವಣಯಂತ್ರ ಹಾಕಿಕೊಳ್ಳಿ, ಬೇಗ ಹಾಕಿಕೊಂಡಷ್ಟೂ ಒಳ್ಳೆಯದು ಎಂದಿದ್ದರು. ಇವರು ಒಪ್ಪಲಿಲ್ಲ.

"ಅದೂ ಒಂದು ಮೈಕು, ಒಂದು ಆಂಪು. ಅದನ್ನ ಹಾಕ್ಕೊಂಡ್ರೆ ನಾನು ಕೇಳೋದು ಅದರ ಸದ್ದು. ಆ ಹನ್ನೊಂದು ಸೆಕೆಂಡು ನನ್ನ ಬರೀ ಕಿವೀಲಿ ಒಂದ್ಸಲ ಬರ್ಲಿ. ಆಮೇಲೆ ನೀವು ಹೇಳಿದ್ದು ಹಾಕ್ಕೋತೀನಿ, ಬೇಕಾದ್ರೆ ಮೂಗಿಗೂ ಹಾಕ್ಕೋತೀನಿ."

"ಬರ್ಲಿಲ್ಲ ಅಂದ್ರೆ?"

"ಬರತ್ತೆ."

ಅಕ್ಕ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ಇವರಿಗೆ ಆ ಹಾಡು ಕೇಳಿಸೋವರೆಗೂ ನನ್ನ ಮಾತು ಕೇಳಿಸಲ್ಲ. ನೀವೇ ಏನಾದ್ರೂ ಮಾಡಿ."

ನಾನು ಮಾಡಿದ್ದು ಇಷ್ಟೇ. ಕ್ಯಾಸೆಟ್ಟು ಹಳತಾಗಿ ಸವೆಯುತ್ತಿತ್ತು, ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆಂದು ತಂದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಹಾಡು ಪೂರ್ತಿ ಕೇಳಿದ್ದು ನಾನು ಅದೇ ಮೊದಲು. ಹಾಡು ಕೊನೆಯಲ್ಲಿ ಮೆಲ್ಲಗೆ ಕರಗಿ ಹೋಗುತ್ತದೆ. ಪೂರ್ತಿ ಕರಗುವ ಮೊದಲು, ದೂರದಲ್ಲಿ, ತೆಳ್ಳನೆಯ ದನಿಯೊಂದು ಹೇಳಿತು:

"ನೀರು ಮುಗೀತು."

ಹಿಂದಕ್ಕೆ ಓಡಿಸಿ ಮತ್ತೆ ಕೇಳಿದೆ. "ನೀರು ಮುಗೀತು." ಸ್ಪಷ್ಟ ಕನ್ನಡ. ಆ ಬ್ಯಾಂಡಿನ ನಾಲ್ವರಲ್ಲಿ ನಮ್ಮ ಕಡೆಯವರು ಯಾರೂ ಇರಲಿಲ್ಲ.

ಅಕ್ಕನನ್ನು ಕರೆದು ಹೆಡ್‌ಫೋನ್ ಕೊಟ್ಟೆ. ಕೇಳಿ, ತೆಗೆದು, ಮೇಜಿನ ಮೇಲಿಟ್ಟರು. "ನಮ್ಮತ್ತೆ ಥರ ಇದೆ" ಎಂದರು. "ಮದುವೆಯಾದ ಹೊಸದ್ರಲ್ಲಿ ನಾನೂ ಆ ಕ್ವಾರ್ಟರ್ಸ್‌ನಲ್ಲಿದ್ದೆ. ಜೂನ್ ತಿಂಗಳಲ್ಲಿ ಅವರು ದಿನಕ್ಕೆ ಹತ್ತು ಸಲ ಇದೊಂದೇ ಮಾತು ಹೇಳ್ತಿದ್ರು. ಕೂಲರಿನ ನೀರು."

ಬಿಟ್ಟೂಗೆ ಫೋನು ಮಾಡಿದೆವು. ಈಗ ಅವರಿಗೂ ಅರವತ್ತು ದಾಟಿದೆ, ಚಂಡೀಗಢದಲ್ಲಿದ್ದಾರೆ, ಈಗಲೂ ಬಿಟ್ಟೂನೇ. ರೆಕಾರ್ಡ್ ಮಾಡಿದ್ದು ಹೇಗೆ ನೆನಪಿದೆಯೇ ಎಂದು ಕೇಳಿದೆ. "ಅರೇ, ಕೈಸೇ ಭೂಲೂಂ!" ಮರೆಯುವುದು ಹೇಗೆ ಎಂದು ನಗತೊಡಗಿದರು. ವಿಷಯ ಹೀಗೆ. ಎರಡೂ ಮನೆಗೆ ಒಂದೇ ಉದ್ದ ಬಾಲ್ಕನಿ. ಬಿಟ್ಟೂವಿನ ಸ್ಪೀಕರ್ ಬಾಲ್ಕನಿಯಲ್ಲಿ. ಟೇಪ್ ರೆಕಾರ್ಡರ್ ಇವರ ಕೋಣೆಯೊಳಗೆ, ಏಕೆಂದರೆ ಇವರ ಅಪ್ಪ ಅದನ್ನು ಬಿಸಿಲಿಗೆ ತರಲು ಬಿಡುತ್ತಿರಲಿಲ್ಲ. ಇವೆರಡರ ನಡುವೆ, ಕಿಟಕಿಗೆ ಕೂರಿಸಿದ್ದ ಕೂಲರ್. ಅದನ್ನು ನಿಲ್ಲಿಸಿದರೆ ಟೇಪ್ ರೆಕಾರ್ಡರ್ ಬಿಸಿಯಾಗಿ ಹಾಳಾಗುತ್ತದೆಂದು ಇವರೇ ಓಡಿಸಿಟ್ಟಿದ್ದರು. ಹಾಡು ಬಾಲ್ಕನಿಯಿಂದ ಒದ್ದೆ ಖಸ್, ಅಂದರೆ ಲಾವಂಚದ ಹುಲ್ಲಿನ ಪದರ ತೂರಿ, ತಿರುಗುವ ಫ್ಯಾನಿನ ರೆಕ್ಕೆಗಳ ನಡುವೆ ತುಂಡುತುಂಡಾಗಿ ಕತ್ತರಿಸಿಕೊಂಡು, ಕೋಣೆಯೊಳಗೆ ಬಂದು ಕ್ಯಾಸೆಟ್ಟಿಗೆ ಬಿದ್ದಿತ್ತು. ಗಾಯಕ, ಡ್ರಮ್ಮು ಎಲ್ಲ ಒಟ್ಟಿಗೆ ಶುರುವಾದ ಮೇಲೆ ಆ ಕತ್ತರಿ ಅಷ್ಟಾಗಿ ಗೊತ್ತಾಗುವುದಿಲ್ಲ. ಒಂಟಿ ಗಿಟಾರಿನ ಹನ್ನೊಂದು ಸೆಕೆಂಡಿನಲ್ಲಿ ಮಾತ್ರ ಅದೇ ಎಲ್ಲ.

ಫೋನು ಇಟ್ಟ ಮೇಲೆ ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಒಬ್ಬ ಮನುಷ್ಯ ಅಮೆರಿಕದ ಸ್ಟುಡಿಯೋ ಒಂದನ್ನು ಜನಕಪುರಿಯಲ್ಲಿ ಕಟ್ಟಲು ಮೂವತ್ತು ವರ್ಷ ಕೊಟ್ಟಿದ್ದಾನೆ. ಸದ್ದು ಅವನ ತಾಯಿಯ ಕಿಟಕಿಯಿಂದ ಬಂದಿತ್ತು.

"ಹೇಳೋದು ಬೇಡ" ಎಂದೆ.

"ಹೇಳಿ" ಎಂದರು ಅಕ್ಕ. "ತಪ್ಪು ಎಷ್ಟು ಅಂತ ಹೇಳದೇ ಇರೋನು ಸುಳ್ಳ ಅಂತ ಇವ್ರೇ ಅಲ್ವಾ ಹೇಳೋದು?"

ಹೇಳಿದೆ. ಆ ದನಿಯ ಜಾಗವನ್ನೂ ಹಾಕಿದೆ. ಅದು ಅವರಿಗೆ ಕೇಳಿಸಲಿಲ್ಲ, ಅವರ ಗೆರೆ ಬೆಟ್ಟ ಇಳಿದ ಮೇಲಿನದು. ಆದರೆ ಬಾಲ್ಕನಿ, ಕೂಲರು, ಖಸ್ ಎಂದು ನಾನು ಹೇಳುತ್ತ ಹೋದಂತೆ ಅವರ ಬೆರಳು ಮೇಜಿನ ಮೇಲೆ ಏನನ್ನೋ ಎಣಿಸತೊಡಗಿತು. ಕೊನೆಗೆ ಒಂದೇ ಮಾತು ಹೇಳಿದರು. "ಅಡೀಲಿರೋ ಗುಂಯ್ ಜಿ ಸ್ವರದಲ್ಲಿದೆ. ಐವತ್ತು. ಮೊದಲ ದಿನದಿಂದ ಗೊತ್ತಿತ್ತು. ಅಮೆರಿಕದ್ದಾದ್ರೆ ಅರವತ್ತಿರಬೇಕು. ನಮ್ಮ ಟೇಪಿನದೇ ತಪ್ಪು ಅಂತ ಅದನ್ನ ಕಳೆದು ಲೆಕ್ಕ ಹಾಕ್ದೆ. ಕೂಲರು ನೆನಪಿಗೇ ಬರ್ಲಿಲ್ಲ." ಎದ್ದು ಒಳಗೆ ಹೋದರು.

ನಾಲ್ಕು ದಿನ ಆ ಕೋಣೆಯಿಂದ ಯಾವ ಸದ್ದೂ ಬರಲಿಲ್ಲ. ನನ್ನ ತಲೆಯ ಮೇಲಿನ ಚಾವಣಿ ಅಷ್ಟು ಸುಮ್ಮನಿದ್ದುದನ್ನು ನಾನು ಕೇಳಿಯೇ ಇರಲಿಲ್ಲ. ಮನಸ್ಸಿನಲ್ಲಿ ಅಕ್ಕನನ್ನು ಬೈದುಕೊಂಡೆ. ಐದನೇ ದಿನ ಬೆಳಿಗ್ಗೆ ಮೆಟ್ಟಿಲ ಮೇಲಿಂದ ಕೂಗು:

"ಮೇಷ್ಟ್ರೇ! ನಿಮ್ಮ ಕೂಲರು ಲೋಹದ್ದಾ ಪ್ಲಾಸ್ಟಿಕ್ಕಾ?"

"ಪ್ಲಾಸ್ಟಿಕ್ಕು."

"ಥೂ. ನಮ್ದೂ ಹಾಗೇ ಆಗಿದೆ. ಚಲೋ, ಚಪ್ಪಲಿ ಹಾಕ್ಕೊಳ್ಳಿ."

ಆ ಮುಖವನ್ನು ಹೇಗೆ ಹೇಳಲಿ? ಸಂತೋಷ ಎಂದರೆ ಸಾಲದು. ತಪ್ಪು ಸಿಕ್ಕಿದ ಮನುಷ್ಯನ ಮುಖ ಅದು. ಜೀವಮಾನವಿಡೀ ಅದನ್ನೇ ಹುಡುಕಿ ಸಂಬಳ ತೆಗೆದುಕೊಂಡವರಲ್ಲವೇ. ಗೋಡೆಯ ಪಟ್ಟಿಯಲ್ಲಿ 'ತಿರುಗುವ ಸ್ಪೀಕರ್' ಹೊಡೆದುಹೋಗಿತ್ತು. ಕೆಳಗೆ ಹೊಸ ಪೆನ್ಸಿಲ್ ಗೆರೆ: 'ಕೂಲರ್, ತಗಡಿನದು, ಒಂದು. ಖಸ್, ಒದ್ದೆ. ಬಾಲ್ಕನಿ.' ಅದರ ಪಕ್ಕದಲ್ಲಿ ಆವರಣ ಚಿಹ್ನೆಯೊಳಗೆ: 'ಅಮ್ಮ?'

ತಿಲಕ್ ನಗರದ ಓಣಿಯೊಂದರಲ್ಲಿ ತಗಡಿನ ಕೂಲರುಗಳನ್ನು ಇನ್ನೂ ಕೈಯಿಂದ ಬಡಿದು ಮಾಡುವವರಿದ್ದಾರೆ. ಇವರು ಒಂದೊಂದನ್ನೂ ಓಡಿಸಲು ಹೇಳಿ, ಅದರ ಹಿಂದೆ ನಿಂತು ಅದರೊಳಕ್ಕೆ "ಆ…" ಎಂದು ದನಿ ತೆಗೆಯುತ್ತಿದ್ದರೆ, ನಾನು ಮುಂದೆ ನಿಂತು ಅದು ಎಷ್ಟು ತುಂಡಾಗಿದೆ ಎಂದು ಹೇಳಬೇಕು. "ಬಾವೂಜೀ, ಇದು ಗಾಳಿಗೆ, ಗಾನಕ್ಕಲ್ಲ" ಎಂದು ಅಂಗಡಿಯವನು ಹಿಂದಿಯಲ್ಲಿ ರೇಗಿದ. "ಅದು ನಿನಗೆ ಹೇಗೆ ಗೊತ್ತು ಭಯ್ಯಾ? ಕೇಳಿ ನೋಡಿದೀಯಾ?" ಎಂದರು ಇವರೂ ಹಿಂದಿಯಲ್ಲೇ. ಆರನೆಯದು ಸರಿಹೋಯಿತು. ಮನೆಗೆ ತಂದು ಕಿಟಕಿಗೆ ಕೂರಿಸಿದೆವು.

ಜೂನ್ ತಿಂಗಳ ಮಧ್ಯಾಹ್ನ. ಹೊರಗೆ ಲೂ ಎಂಬ ಬಿಸಿಗಾಳಿ ಬೀಸುತ್ತಿತ್ತು. ಬಾಲ್ಕನಿಯಲ್ಲಿ ತಲೆಗೆ ಒದ್ದೆ ಟವಲು ಸುತ್ತಿಕೊಂಡು ಅವರು ಗಿಟಾರಿನ ಮೂರು ಕಾರ್ಡು ಮೊದಲೇ ನುಡಿಸಿ ಮುದ್ರಿಸಿಟ್ಟಿದ್ದನ್ನು ವಾಲ್ವ್ ಆಂಪಿನಲ್ಲಿ ಹಾಕಿ, ಓಡಿ ಒಳಗೆ ಬಂದು, ಮಂಚದ ಮೇಲೆ ಟೇಪ್ ರೆಕಾರ್ಡರಿನ ಪಕ್ಕ ಕೂತರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದರು. ಕೂಲರ್ ಓಡುತ್ತಿತ್ತು. ಖಸ್ಸಿನ ವಾಸನೆ ಕೋಣೆಯ ತುಂಬ. ಆಮೇಲೆ ಬಂತು. ನೀರಿನಡಿ ದೀಪ ತಿರುಗಿತು. ಹತ್ತಿರ, ದೂರ, ಹತ್ತಿರ.

ಆ ಕ್ಷಣದ ಬಗ್ಗೆ ನನ್ನ ನೆನಪು ಬಲು ಚಂದವಾಗಿದೆ: ಅವರು ಕಣ್ಣು ಮುಚ್ಚಿದರು, ಕಣ್ಣಂಚಿನಲ್ಲಿ ನೀರಿತ್ತು, "ಇದೇ. ಇದೇ ಇದು" ಎಂದು ಪಿಸುಗುಟ್ಟಿದರು. ಈ ಲೇಖನವನ್ನು ಅಲ್ಲಿಗೇ ಮುಗಿಸಬೇಕೆಂದಿದ್ದೆ. ಆದರೆ ಆ ದಿನ ಟೇಪ್ ಓಡುತ್ತಿತ್ತಲ್ಲ. ಅದರ ಒಂದು ಪ್ರತಿ ನನ್ನ ಹತ್ತಿರವಿದೆ. ಅದರಲ್ಲಿ ಯಾರೂ ಪಿಸುಗುಟ್ಟಿಲ್ಲ. ಆರನೇ ಸೆಕೆಂಡಿಗೆ ಅವರ ದನಿ ಸ್ಪಷ್ಟವಾಗಿ ಹೇಳುತ್ತದೆ: "ಮೇಷ್ಟ್ರೇ, ಸ್ವಲ್ಪ ಆಚೆ ನಿಲ್ಲಿ, ಕೂಲರಿಗೆ ಅಡ್ಡ ಬಂದಿದೀರಿ." ನಾನು ಸರಿದ ಸದ್ದು. ಸರಿದ ಮೇಲೆ ಗಿಟಾರು ಇನ್ನೂ ಚೆನ್ನಾಗಿದೆ. ಅವರು ಸರಿಯಾಗೇ ಹೇಳಿದ್ದರು.

ಅದನ್ನು ಅಂದು ಏಳು ಸಲ ಹಾಕಿಸಿ, ಏಳೂ ಸಲ ಟೇಪಿಗೆ ಇಳಿಸಿಕೊಂಡರು. ಮಾತಿಗೆ ತಪ್ಪಲಿಲ್ಲ, ಮರುವಾರ ಕಿವಿಗಳಿಗೆ ಯಂತ್ರ ಬಂತು. ಕ್ಲಿನಿಕ್ಕಿನ ಕುರ್ಚಿಯಿಂದ ಎದ್ದು ಮೊದಲು ಮಾಡಿದ ಕೆಲಸ ಚಪ್ಪಾಳೆ. ಬೆಚ್ಚಿಬಿದ್ದು, ಯಾರು ತಟ್ಟಿದರೆಂದು ಹಿಂದೆ ತಿರುಗಿ ನೋಡಿದರು.

ಮನೆಗೆ ಬಂದವರು ಶೂ ಬಿಚ್ಚದೆ ಹಳೆಯ ಕ್ಯಾಸೆಟ್ಟಿನ ಕೊನೆ ಹಾಕಿದರು. ಹಾಡು ಕರಗಿತು. "ನೀರು ಮುಗೀತು." ಈ ಸಲ ಕೇಳಿಸಿತು, ಹುಬ್ಬು ಮೇಲೆ ಹೋಯಿತು. ನಾನು ಕಾದೆ. ಮೂರು ಸಲ ಹಿಂದೆ ಓಡಿಸಿ ಕೇಳಿದರು. "ಅಮ್ಮನಾ ನಾನಾ ಹೇಳಕ್ಕಾಗಲ್ಲ ಮೇಷ್ಟ್ರೇ. ಆ ವಯಸ್ಸಲ್ಲಿ ನಂದೂ ಹೀಗೇ ಕೀರಲು" ಎಂದು, ಗೋಡೆಯ ಮೇಲಿನ ಪ್ರಶ್ನೆಚಿಹ್ನೆಯನ್ನು ಹಾಗೇ ಬಿಟ್ಟರು.

ಆಮೇಲೆ ನಮ್ಮ ಕೂಲರಿನ ಟೇಪು ಹಾಕಿದರು. ಏಳನೇ ಸಲದ್ದು, ಅದು ಉದ್ದ ಓಡಿದೆ. ಗಿಟಾರು ಮುಗಿಯಿತು. ಕೂಲರಿನ ಗುಂಯ್ ಮಾತ್ರ ಉಳಿಯಿತು. ಆ ಗುಂಯ್‌ನ ಹಿಂದಿನಿಂದ ಅಕ್ಕನ ದನಿ ಬಂತು. ಆ ಮಧ್ಯಾಹ್ನ ಆಕೆ ಬಾಗಿಲಲ್ಲಿ ನಿಂತು ಏನೋ ಹೇಳಿದ್ದು ನನಗೆ ನೆನಪೇ ಇಲ್ಲ.

"ರೀ, ನೀರು ಮುಗೀತು."

ಟೇಪಿನಲ್ಲಿ ಯಾರೂ ಉತ್ತರಿಸುವುದಿಲ್ಲ.

"ರೀ. ಕೂಲರಿಗೆ ನೀರು ಮುಗೀತು."

ಮತ್ತೆ ಗುಂಯ್. ಬಕೆಟ್ಟು ನೆಲಕ್ಕಿಟ್ಟ ಸದ್ದು. ಆಮೇಲೆ ಸ್ವಲ್ಪ ಸಣ್ಣಗೆ, ತನಗೆ ತಾನೇ ಎಂಬಂತೆ:

"ಕೇಳಿಸ್ತಾ?"

ಅವರು ಮಂಚದ ಮೇಲೆ ಮುಂದಕ್ಕೆ ಬಾಗಿ ಕೂತಿದ್ದರು, ಟೇಪ್ ರೆಕಾರ್ಡರಿನ ಹತ್ತಿರ ಮುಖ ಇಟ್ಟು. ಟೇಪಿಗೇ ಹೇಳಿದರು:

"ಕೇಳಿಸ್ತು ಕಣೇ."

ಅಡುಗೆಮನೆಯಲ್ಲಿ ಅಕ್ಕ ಅಕ್ಕಿ ತೊಳೆಯುತ್ತಿದ್ದರು. ತಿರುಗದೆಯೇ, ಎಂದಿನ ತಮ್ಮ ಸಣ್ಣ ದನಿಯಲ್ಲಿ, ಒಂದೇ ಸಲ ಕೇಳಿದರು: "ಯಾರ ಜೊತೆ ಮಾತಾಡ್ತಿದೀರಿ?"

"ನಿನ್ನ ಜೊತೇನೇ" ಎಂದರು ಇವರು, ಆ ಕೋಣೆಯಿಂದಲೇ.

ನೀರು ಸುರಿಯುವ ಸದ್ದು ನಿಂತಿತು.